‘ಮನೇಲಿ ಎಷ್ಟು ಜನ?’ ‘ಈಗ್ಲಾ, ಹಬ್ಬುಕ್ಕಾ?’

ಕೊಳ್ಳೇಗಾಲ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಮುಚ್ಚುಮರೆ ಇಲ್ಲದೆ ಹೇಳಿ. ಅರ್ಧ ಜನ ಮಾಟ-ಮಂತ್ರ ಅಂತೀರಿ. ಸ್ವಲ್ಪ ವಯಸ್ಸಾದವರು ವೀರಪ್ಪನ್ ಅಂತೀರಿ. ಭಕ್ತರು ಮಾದಪ್ಪನ ಬೆಟ್ಟ ಅಂತೀರಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಾವು ಟಿವಿಯವರು ವರ್ಷಗಟ್ಟಲೆ ಕೂತು ನಿಮಗೆ ಕಲಿಸಿಕೊಟ್ಟ ಪಾಠ ಅದು.

ನಮ್ಮ ಕ್ಯಾಮೆರಾ ಆ ಸೀಮೆ ಕಡೆ ತಿರುಗಿದ್ದು ಯಾವಾಗ ಯಾವಾಗ ಅಂತ ಒಂದ್ಸಲ ಲೆಕ್ಕ ಹಾಕಿದೆ. 2018ರ ಡಿಸೆಂಬರ್, ಹನೂರು ತಾಲ್ಲೂಕಿನ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಜನ ಸತ್ತಾಗ. 2024ರ ಏಪ್ರಿಲ್, ರಸ್ತೆ-ನೀರು ಕೇಳಿ ಕೇಳಿ ಸುಸ್ತಾದ ಇಂಡಿಗನತ್ತದಲ್ಲಿ ಲೋಕಸಭಾ ಚುನಾವಣೆ ದಿನ ಗಲಾಟೆಯಾಗಿ ಮತಯಂತ್ರ ಪುಡಿಯಾದಾಗ. 2025ರ ಜೂನ್, ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತಾಗ. ಮೂರು ಸಲವೂ ನಮ್ಮ ಓಬಿ ವ್ಯಾನುಗಳು ಓಡಿ ಹೋದವು, ಎರಡು-ಮೂರು ದಿನ ನಿಂತವು, ವಾಪಸ್ ಬಂದವು. ಆ ಜನ ಉಳಿದ 360 ದಿನ ಏನು ತಿಂತಾರೆ, ಎಲ್ಲಿ ದುಡಿತಾರೆ, ಊರಲ್ಲಿ ಎಷ್ಟು ಜನ ಇರ್ತಾರೆ ಅನ್ನೋದು ನಮಗೆ ಸುದ್ದಿ ಆಗಲಿಲ್ಲ.

ಇವತ್ತು ಅದನ್ನೇ ಮಾತಾಡೋಣ. ಯಾಕಂದ್ರೆ 2027ರ ಫೆಬ್ರವರಿಯಲ್ಲಿ ದೇಶದ ಜನಗಣತಿ ನಡೆಯಲಿದೆ. ಹದಿನಾರು ವರ್ಷಗಳ ನಂತರ ಸರ್ಕಾರ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಲಿದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಜನರ ಮಟ್ಟಿಗೆ ಆ ಎಣಿಕೆ ಎಷ್ಟು ನಿಜ ಹೇಳುತ್ತೆ ಅನ್ನೋದೇ ನನ್ನ ಪ್ರಶ್ನೆ.

ಮೊದಲು ಹಳೇ ಲೆಕ್ಕ ನೋಡಿ. 2001ರಲ್ಲಿ ಇಡೀ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ಸುಮಾರು 9.65 ಲಕ್ಷ. 2011ರಲ್ಲಿ 10.20 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಿದ್ದು ಶೇ 6ಕ್ಕೂ ಕಡಿಮೆ. ಅದೇ ಹತ್ತು ವರ್ಷದಲ್ಲಿ ಕರ್ನಾಟಕ ಬೆಳೆದದ್ದು ಶೇ 15.6. ಬೆಂಗಳೂರು ನಗರ ಜಿಲ್ಲೆ ಬೆಳೆದದ್ದು ಸುಮಾರು ಶೇ 47.

ನಾನು ಓದಿದ್ದು ಎಂಜಿನಿಯರಿಂಗ್. ಸಂಖ್ಯೆ ಕಂಡ ಕೂಡಲೇ ಕ್ಯಾಲ್ಕ್ಯುಲೇಟರ್ ತೆಗೆಯೋ ಚಟ ಇನ್ನೂ ಹೋಗಿಲ್ಲ. ಚಾಮರಾಜನಗರವೂ ರಾಜ್ಯದಷ್ಟೇ ವೇಗದಲ್ಲಿ ಬೆಳೆದಿದ್ರೆ 2011ರಲ್ಲಿ ಅಲ್ಲಿ ಸುಮಾರು 11.15 ಲಕ್ಷ ಜನ ಇರಬೇಕಿತ್ತು. ಸಿಕ್ಕಿದ್ದು 10.20 ಲಕ್ಷ. ಸುಮಾರು 95 ಸಾವಿರ ಜನರ ವ್ಯತ್ಯಾಸ. ಕೊಳ್ಳೇಗಾಲ ಪಟ್ಟಣದ ಜನಸಂಖ್ಯೆಯೇ ಆಗ ಸುಮಾರು 57 ಸಾವಿರ. ಅಂದ್ರೆ ಒಂದೂವರೆ ಕೊಳ್ಳೇಗಾಲಕ್ಕಿಂತ ಹೆಚ್ಚು ಜನ ಲೆಕ್ಕದಲ್ಲಿ ಇಲ್ಲ! ಇದರಲ್ಲಿ ಹುಟ್ಟೋ ಮಕ್ಕಳು ಕಡಿಮೆಯಾಗಿದ್ದೂ ಇದೆ. ಅದು ಒಳ್ಳೇ ಸುದ್ದಿ, ಅಲ್ಲಿನ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಹೆಗ್ಗಳಿಕೆ. ಆದರೆ ಊರು ಬಿಟ್ಟು ಹೋದವರೂ ಆ ವ್ಯತ್ಯಾಸದಲ್ಲಿದ್ದಾರೆ.

ಇದನ್ನ ಒಂದು ಸಂಜೆ ಸಂಪಾದಕೀಯ ಸಭೆಯಲ್ಲಿ ಹೇಳಿದೆ. ನಮ್ಮ ಹಿರಿಯರೊಬ್ಬರು ನಕ್ಕರು. ‘ಜನಸಂಖ್ಯೆ ಸ್ಫೋಟ ಆದ್ರೆ ಸುದ್ದಿ ಕಣಯ್ಯಾ, ಆಗಿಲ್ಲ ಅನ್ನೋದು ಎಂಥ ಸುದ್ದಿ?’ ಅಂದರು. ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಬರೀ 181 ಜನ, ರಾಜ್ಯದ ಸರಾಸರಿ 319, ಅಷ್ಟು ಖಾಲಿ ಜಾಗ ಇಟ್ಕೊಂಡು ಅವರಿಗೇನು ಕಷ್ಟ ಅಂತ ಇನ್ನೊಬ್ಬರು ಕೇಳಿದರು.

ಈ 181 ಇದೆಯಲ್ಲ, ಇದು ಮೋಸ ಮಾಡೋ ಸಂಖ್ಯೆ. ಚಾಮರಾಜನಗರ ಜಿಲ್ಲೆಯ ಹೆಚ್ಚೂಕಮ್ಮಿ ಅರ್ಧ ಭಾಗ ಕಾಡು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ, ಕಾವೇರಿ ವನ್ಯಧಾಮ ಎಲ್ಲ ಅದರಲ್ಲೇ ಬರುತ್ತೆ. ಕಾಡಲ್ಲಿ ಉಳೋ ಹಾಗಿಲ್ಲ, ಮನೆ ಕಟ್ಟೋ ಹಾಗಿಲ್ಲ. ಆ ಅರ್ಧ ಕಳೆದು, ಉಳಿದರ್ಧ ಜಾಗಕ್ಕೆ ಜನರನ್ನ ಹಂಚಿ ನೋಡಿ. 181 ಹೋಗಿ 360ರ ಆಸುಪಾಸು ಆಗುತ್ತೆ. ರಾಜ್ಯದಲ್ಲೂ ಐದನೇ ಒಂದು ಪಾಲು ಕಾಡಿದೆ, ಅದನ್ನೂ ಕಳೆದರೆ ರಾಜ್ಯದ್ದು 400ರ ಹತ್ತಿರ ಬರುತ್ತೆ. ಆದರೆ ಆ 400ರಲ್ಲಿ ಇಡೀ ಬೆಂಗಳೂರು ಸೇರಿದೆ ಸ್ವಾಮಿ! ಚಾಮರಾಜನಗರದಲ್ಲಿ ಪಟ್ಟಣವಾಸಿಗಳು ಶೇ 17 ಮಾತ್ರ. ಉಳಿದವರೆಲ್ಲ ಹಳ್ಳಿಯವರು, ಬಹುಪಾಲು ಮಣ್ಣನ್ನೇ ನಂಬಿದವರು. ಹೊರಗಿಂದ ನೋಡಿದ್ರೆ ಖಾಲಿ ಜಿಲ್ಲೆ. ಒಳಗೆ ಹೋದ್ರೆ ಇಕ್ಕಟ್ಟು.

ಆ ಇಕ್ಕಟ್ಟಲ್ಲಿ ಜನ ಬದುಕೋದು ಹೇಗೆ? ಮೂರು ತಾಲ್ಲೂಕಿಗೂ ಒಂದೇ ಉತ್ತರ ಇಲ್ಲ.

ಕೊಳ್ಳೇಗಾಲ 1956ರ ತನಕ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯ ಮರುವಿಂಗಡಣೆ ಆದಾಗ ನವೆಂಬರ್ 1ಕ್ಕೆ ಮೈಸೂರಿಗೆ ಸೇರಿತು. ಕಾವೇರಿ ದಡದ ಕಡೆ ನೀರಿದೆ, ಭತ್ತ-ಕಬ್ಬು ಇದೆ. ಪಟ್ಟಣದಲ್ಲಿ ರೇಷ್ಮೆ ಇದೆ. ಯಳಂದೂರು ಪುಟ್ಟ ತಾಲ್ಲೂಕು, 2011ರಲ್ಲಿ ಸುಮಾರು 80 ಸಾವಿರ ಜನ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ್ದ ಊರು. ಒಂದು ಕಡೆ ಸುವರ್ಣಾವತಿ ನೀರಿನ ಗದ್ದೆ, ಇನ್ನೊಂದು ಕಡೆ ತಲೆಯೆತ್ತಿದರೆ ಬಿಳಿಗಿರಿರಂಗನ ಬೆಟ್ಟ. ಮೊನ್ನೆ ಮೊನ್ನೆವರೆಗೂ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದು ಈಗ ಬೇರೆ ತಾಲ್ಲೂಕಾದ ಹನೂರು ಮಳೆ ನಂಬಿದ ಸೀಮೆ. ರಾಗಿ, ಮುಸುಕಿನ ಜೋಳ, ಹುರುಳಿ. ಮಳೆ ಕೈ ಹಿಡಿದರೆ ಒಂದು ಬೆಳೆ, ಕೈ ಬಿಟ್ಟರೆ ಅದೂ ಇಲ್ಲ.

ಈ ಒಣಭೂಮಿಯವರ ಕೈಗೆ ಒಂದು ಕಾಲಕ್ಕೆ ತಿಂಗಳ ಸಂಬಳದ ಹಾಗೆ ಕಾಸು ಕೊಟ್ಟಿದ್ದು ರೇಷ್ಮೆ ಹುಳು. ಅದು ಹೇಗೆ ಅಂತ ನಗರದ ನಮ್ಮ ಹುಡುಗರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ರಾಗಿ ಬಿತ್ತಿದರೆ ಕಾಸು ನೋಡೋಕೆ ನಾಲ್ಕು ತಿಂಗಳು ಕಾಯಬೇಕು. ರೇಷ್ಮೆ ಹುಳು ಮರಿಯಾಗಿ ಗೂಡು ಕಟ್ಟೋಕೆ ನಾಲ್ಕು ವಾರ ಸಾಕು. ಹಿಪ್ಪುನೇರಳೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಸೊಪ್ಪು ಬರುತ್ತೆ. ಚಾಮರಾಜನಗರ-ಕೊಳ್ಳೇಗಾಲ ಸೀಮೆಯ ವಿಶೇಷ ಏನು ಗೊತ್ತಾ? ಬೇರೆ ಕಡೆ ನೀರು ಹಾಯಿಸಿ ಬೆಳೆಯೋ ಈ ಗಿಡವನ್ನ ಇಲ್ಲಿನವರು ಬರೀ ಮಳೆ ನಂಬಿ ಬೆಳೀತಿದ್ರು. ಬಾವಿ ಇಲ್ಲದ, ಒಂದೆರಡು ಎಕರೆ ಇರೋ ಮನೆಯೂ ವರ್ಷಕ್ಕೆ ನಾಲ್ಕೈದು ಸಲ ಗೂಡು ಇಳಿಸ್ತಿತ್ತು. ಸೊಪ್ಪು ಕೊಯ್ಯೋದು, ಹುಳುವಿಗೆ ಹಾಕೋದು, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡೋದು. ಈ ಕೆಲಸದ ಬಹುಪಾಲು ಮನೆಯೊಳಗೇ, ಹೆಂಗಸರ ಕೈಯಲ್ಲೇ. ಆಮೇಲೆ ನೂಲು ತೆಗೆಯೋರು, ಹುರಿ ಮಾಡೋರು, ನೇಯೋರು. ಒಂದು ಹುಳು ಒಂದು ಸೀಮೆಗೆ ಅನ್ನ ಹಾಕ್ತಿತ್ತು.

ಅದು ಮುರಿದು ಬಿದ್ದಿದ್ದು ನಿಧಾನವಾಗಿ, ಅದಕ್ಕೇ ಸುದ್ದಿ ಆಗಲಿಲ್ಲ. ಗಿಡಕ್ಕೆ ಬೇರು ಕೊಳೆ ರೋಗ ಬಂತು. ಸಾಲು ಸಾಲು ಬರಗಾಲ ಬಂತು. 1990ರ ದಶಕದ ಕೊನೆಗೆ ಚೀನಾದ ಅಗ್ಗದ ರೇಷ್ಮೆ ಬಂತು. 2003ರಲ್ಲಿ ಕೇಂದ್ರ ಸರ್ಕಾರ ಚೀನಾ ರೇಷ್ಮೆ ಮೇಲೆ ಆಂಟಿ-ಡಂಪಿಂಗ್ ಸುಂಕ ಹಾಕೋ ಹೊತ್ತಿಗೆ ಎಷ್ಟೋ ಜನ ಗಿಡ ಕಿತ್ತು ಆಗಿತ್ತು. ರೇಷ್ಮೆ ಕೃಷಿ ಪೂರ್ತಿ ಸತ್ತಿಲ್ಲ. ಬೋರ್‌ವೆಲ್ ಇರೋರು ಹೊಸ ತಳಿ ಹಾಕಿ ಚೆನ್ನಾಗೇ ಮಾಡ್ತಿದ್ದಾರೆ. ಆದರೆ ನೀರಿಲ್ಲದವನ ರೇಷ್ಮೆ ಹೋಯ್ತು. ಅದರ ಜೊತೆ ಅವನ ಮನೆಗೆ ತಿಂಗಳು ತಿಂಗಳು ಬರ್ತಿದ್ದ ಕಾಸೂ ಹೋಯ್ತು. ಊರು ಬಿಡೋರು ಹೆಚ್ಚಾಗಿದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ 2001ರಿಂದ 2011ರ ಆ ಸಂಖ್ಯೆ ಓದುವಾಗ ಕಿತ್ತುಹಾಕಿದ ಆ ಗಿಡಗಳನ್ನ ಮರೆತು ಓದಬೇಡಿ.

ಇನ್ನು ಕಾಡಿನವರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬದುಕೇ ಕಾಡಿನ ಕ್ಯಾಲೆಂಡರ್ ಪ್ರಕಾರ ನಡೀತಿತ್ತು. ಜೇನಿಗೊಂದು ಕಾಲ, ನೆಲ್ಲಿಕಾಯಿಗೊಂದು ಕಾಲ, ಸೀಗೆಗೊಂದು ಕಾಲ, ಪಾಚಿಗೊಂದು ಕಾಲ. ನಡುವೆ ಪೋಡಿನ ಪಕ್ಕ ಒಂದಿಷ್ಟು ರಾಗಿ. 1974ರಲ್ಲಿ ಅದು ವನ್ಯಧಾಮ ಆಯ್ತು, ಜಾಗ ಬದಲಿಸಿ ಬದಲಿಸಿ ಮಾಡೋ ಬೇಸಾಯ ನಿಂತಿತು. 2006ರ ಹೊತ್ತಿಗೆ ಮಾರಾಟಕ್ಕೆ ಜೇನು, ನೆಲ್ಲಿ ತರೋದಕ್ಕೂ ತಡೆ ಬಿತ್ತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ಪಾಸು ಮಾಡಿತು. ವಿಚಿತ್ರ ನೋಡಿ, ಒಂದು ಕಾನೂನು ಕಿತ್ತುಕೊಂಡಿದ್ದನ್ನ ಇನ್ನೊಂದು ಕಾನೂನು ವಾಪಸ್ ಕೊಡಬೇಕಾಯ್ತು. 2011ರ ಶುರುವಿನಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವಾಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಜನರಿಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. 1981ರಲ್ಲಿ ಡಾ. ಸುದರ್ಶನ್ ಅವರು ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆ ಜೊತೆಗಿದ್ದದ್ದು ಆ ಜನರಿಗೆ ಮಾತಾಡೋ ಧೈರ್ಯ ಕೊಟ್ಟಿತು ಅಂತ ನನ್ನ ಭಾವನೆ.

ಮಾದೇಶ್ವರನ ಬೆಟ್ಟದ ಕಡೆ ಕಥೆ ಬೇರೆ. ಅಲ್ಲಿ 2013ರಲ್ಲಿ 900 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ವನ್ಯಧಾಮ ಆಯ್ತು. ಬೆಟ್ಟದ ಸುತ್ತ ಬೇಡಗಂಪಣರು, ಸೋಲಿಗರು, ತಮಿಳು ಮಾತಾಡೋ ರೈತರು ಇದ್ದಾರೆ. ಅಷ್ಟು ದೂರ ಯಾಕೆ, ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿಯನ್ನರೂ ಇದ್ದಾರೆ. ಮಳೆಗಾಲಕ್ಕೆ ಜೋಳ ಬೆಳೆದು, ಚಳಿಗಾಲಕ್ಕೆ ಊರೂರಿಗೆ ಸ್ವೆಟರ್ ಮಾರೋಕೆ ಹೋಗೋ ಜನ ಅವರು. ಇಂಥ ಕಡೆ ಹಸು ಅಂದ್ರೆ ಬರೀ ಹಾಲಲ್ಲ. ಸಗಣಿ ಗೊಬ್ಬರ ಅಂದ್ರೆ ಕಾಸು, ಕರು ಅಂದ್ರೆ ಮಗಳ ಮದುವೆ. ಬ್ಯಾಂಕ್ ಇಲ್ಲದ ಊರಲ್ಲಿ ಹಸುವೇ ಪಾಸ್‌ಬುಕ್. ಆ ಪಾಸ್‌ಬುಕ್ಕನ್ನ ಹುಲಿ ಹರಿದು ಹಾಕಿದ್ರೆ? ಹುಲಿಗೆ ವಿಷ ಇಟ್ಟಿದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಐದು ಹುಲಿ ಸತ್ತ ದಿನ ನಾನೂ ಸ್ಟುಡಿಯೋದಲ್ಲಿ ಗಂಟಲು ಹರಿದುಕೊಂಡೆ. ಆದರೆ ಸತ್ತ ಹಸುವಿಗೆ ಪರಿಹಾರ ಎಷ್ಟು, ಎಷ್ಟು ದಿನಕ್ಕೆ ಕೈಗೆ ಬರುತ್ತೆ ಅಂತ ಅವತ್ತು ನಾನು ಒಂದು ಸಲವೂ ಕೇಳಲಿಲ್ಲ. ಆ ಪ್ರಶ್ನೆ ಕೇಳದೆ ಮಾಡಿದ ಚರ್ಚೆ ಅರ್ಧ ಚರ್ಚೆ.

ಈಗ ಊರು ಬಿಡೋರ ವಿಷಯಕ್ಕೆ ಬರ್ತೀನಿ.

ಒಂದು ವರ್ಷ ಸುಗ್ಗಿ ಮುಗಿದ ಮೇಲೆ ಹನೂರಿನ ಆಚೆ ಒಂದು ಹಳ್ಳಿಗೆ ಹೋಗಿದ್ದೆ. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಒಂದು ಬೀದಿಯಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ. ಒಂದು ಜಗಲಿ ಮೇಲೆ ವಯಸ್ಸಾದ ತಾಯಿಯೊಬ್ಬರು ಹುರುಳಿ ಕೇರ್ತಾ ಕೂತಿದ್ರು, ಪಕ್ಕದಲ್ಲಿ ಇಬ್ಬರು ಮೊಮ್ಮಕ್ಕಳು.

‘ಅವ್ವಾ, ಮನೇಲಿ ಎಷ್ಟು ಜನ ಇದ್ದೀರಿ?’ ಅಂದೆ.

ಅವರು ಮೊರ ಕೆಳಗಿಟ್ಟು ನನ್ನ ಮುಖ ನೋಡಿ, ‘ಈಗ್ಲಾ ಮಗ, ಹಬ್ಬುಕ್ಕಾ?’ ಅಂದರು.

ನನಗೆ ಅರ್ಥ ಆಗಲಿಲ್ಲ. ಅವರೇ ಬಿಡಿಸಿ ಹೇಳಿದರು. ‘ಈಗ ಮೂರ್ ಜನ ಕನ. ಹಬ್ಬುಕ್ಕ ಬಂದ್ರ ಒಂಬತ್ ಜನ ಆಯ್ತೀವಿ. ಮಳ ಉಯ್ದ್ರ ಊರು, ಉಯ್ನಿಲ್ಲ ಅಂದ್ರ ಬೆಂಗ್ಳೂರು.’

ಒಬ್ಬ ಮಗ-ಸೊಸೆ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕೆ. ಇನ್ನೊಬ್ಬ ಮಗ-ಸೊಸೆ ಕೊಡಗಿನ ಕಾಫಿ ಕೊಯ್ಲಿಗೆ. ಮಗಳು-ಅಳಿಯ ಗಡಿಯಾಚೆ ತಮಿಳುನಾಡಿಗೆ. ಒಂದೇ ಒಲೆಯ ಒಂಬತ್ತು ಜನ ನಾಲ್ಕು ಕಡೆ.

ಜನಗಣತಿ ನಡೆಯೋದು ಯಾವಾಗ ಹೇಳಿ? ಫೆಬ್ರವರಿ. 2011ರಲ್ಲಿ ಮುಖ್ಯ ಎಣಿಕೆ ನಡೆದಿದ್ದು ಫೆಬ್ರವರಿ 9ರಿಂದ 28ರ ತನಕ. ನಿಯಮ ಏನಂದ್ರೆ, ಆ ಅಷ್ಟೂ ದಿನ ಊರಲ್ಲಿ ಇಲ್ಲದವನನ್ನ ಆ ಊರಿನ ಲೆಕ್ಕಕ್ಕೆ ಸೇರಿಸೋದಿಲ್ಲ, ಅವನು ಎಲ್ಲಿದ್ದಾನೋ ಅಲ್ಲಿ ಎಣಿಸಬೇಕು. ನಿಯಮದಲ್ಲಿ ತಪ್ಪಿಲ್ಲ, ಇಲ್ಲದಿದ್ರೆ ಒಬ್ಬನನ್ನೇ ಎರಡು ಕಡೆ ಎಣಿಸಿದ ಹಾಗಾಗುತ್ತೆ. ಆದರೆ ಹನೂರಿನ ಒಣಭೂಮಿಯಲ್ಲಿ ಡಿಸೆಂಬರ್-ಜನವರಿಗೆ ಕಣದ ಕೆಲಸ ಮುಗಿಯುತ್ತೆ. ಫೆಬ್ರವರಿ ಅಂದ್ರೆ ಬಸ್ ಹತ್ತಿ ಆಗಿರೋ ತಿಂಗಳು. 2011ರಲ್ಲಿ ಶಿವರಾತ್ರಿ ಬಂದಿದ್ದು ಮಾರ್ಚ್ 2ಕ್ಕೆ. ಮಾದಪ್ಪನ ಹಬ್ಬಕ್ಕೆ ಅಂತ ಮಕ್ಕಳು ಊರಿಗೆ ಬರೋ ಹೊತ್ತಿಗೆ ಎಣಿಸೋರು ಪುಸ್ತಕ ಮುಚ್ಚಿ ಆಗಿತ್ತು.

ಕಾಲೇಜಲ್ಲಿ ನಮ್ಮ ಮೇಷ್ಟ್ರು ಒಂದು ಪ್ರಯೋಗ ತೋರಿಸಿದ್ರು. ಕತ್ತಲೆ ಕೋಣೆ, ಜೋರಾಗಿ ತಿರುಗೋ ಫ್ಯಾನು, ಮಿಣುಕು ಮಿಣುಕು ಹೊತ್ತಿ ಆರೋ ದೀಪ. ಫ್ಯಾನಿನ ರೆಕ್ಕೆ ಪ್ರತಿ ಸುತ್ತಲ್ಲೂ ಅದೇ ಜಾಗಕ್ಕೆ ಬಂದಾಗಲೇ ದೀಪ ಹೊತ್ತೋ ಹಾಗೆ ಮಾಡಿದ್ರು. ಫ್ಯಾನು ನಿಂತೇ ಇದೆ ಅನ್ನಿಸುತ್ತೆ! ಕೈ ಹಾಕಿದ್ರೆ ಬೆರಳು ಹೋಗುತ್ತೆ. ಹತ್ತು ವರ್ಷಕ್ಕೊಂದು ಸಲ, ಅದೂ ಅದೇ ಫೆಬ್ರವರಿಯಲ್ಲೇ ದೀಪ ಹಚ್ಚಿ ನೋಡಿದ್ರೆ ಹನೂರೂ ನಮಗೆ ಹಾಗೇ ಕಾಣುತ್ತೆ. ಜನ ಕಡಿಮೆ, ಬೆಳವಣಿಗೆ ಕಡಿಮೆ, ಎಲ್ಲ ಶಾಂತ. ಒಳಗೆ ವರ್ಷಪೂರ್ತಿ ಜನ ತಿರುಗ್ತಾನೇ ಇರ್ತಾರೆ.

ಇದು ಹನೂರಿನ ಒಂದು ಊರಿನ ಪಾಡಲ್ಲ. ಪಶ್ಚಿಮ ಆಫ್ರಿಕಾದ ಉತ್ತರ ಘಾನಾ, ಬುರ್ಕಿನಾ ಫಾಸೊ ನೋಡಿ. ಅಲ್ಲೂ ವರ್ಷಕ್ಕೊಂದೇ ಮಳೆಗಾಲ, ಸಜ್ಜೆ-ಜೋಳದ ಒಂದೇ ಬೆಳೆ. ಕಟಾವು ಮುಗಿದ ಕೂಡಲೇ ಹರೆಯದವರು ದಕ್ಷಿಣಕ್ಕೆ, ಕೋಕೊ ತೋಟಗಳ ಕಡೆಗೆ ಹೊರಡ್ತಾರೆ. ಮಳೆ ಬಂದಾಗ ವಾಪಸ್. ನಾವು ತಿನ್ನೋ ಚಾಕೊಲೇಟಿನ ಹಿಂದೆ ಅವರ ಬೀಗ ಹಾಕಿದ ಮನೆಗಳಿವೆ, ನಾವು ಕುಡಿಯೋ ಕಾಫಿಯ ಹಿಂದೆ ನಮ್ಮವರದ್ದು. ಒಣಭೂಮಿಯ ಬೇಸಾಯ ಎಲ್ಲೇ ಇರಲಿ, ಅದರ ಎರಡನೇ ಬೆಳೆಯ ಹೆಸರು ಕೂಲಿ.

‘ಎಲ್ಲೋ ಒಂದು ಕಡೆ ಎಣಿಸ್ತಾರಲ್ಲ ಬಿಡಿ, ಏನು ನಷ್ಟ?’ ಅಂತ ನೀವು ಕೇಳಬಹುದು. ನಷ್ಟ ಇದೆ. ಅಂಗನವಾಡಿ ಎಷ್ಟು, ಶಾಲೆ ಎಲ್ಲಿ, ಆರೋಗ್ಯ ಕೇಂದ್ರ ಎಲ್ಲಿ ಅನ್ನೋದು ತಲೆ ಲೆಕ್ಕದ ಮೇಲೆ ನಿಲ್ಲುತ್ತೆ. ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನರಿಗೆ ಪಡಿತರ ಅನ್ನೋ ಮಿತಿ ಇವತ್ತಿಗೂ 2011ರ ಜನಗಣತಿ ಮೇಲೇ ನಿಂತಿದೆ. ಕ್ಷೇತ್ರಗಳ ಗಡಿ ಹಾಕೋದೂ ಜನಸಂಖ್ಯೆ ನೋಡಿಯೇ. ಊರಲ್ಲಿ ಮೂರು ಜನ ಅಂತ ಬರೆದುಕೊಂಡ ಸರ್ಕಾರ ಮೂರು ಜನಕ್ಕೆ ಆಗೋಷ್ಟು ಕೊಡುತ್ತೆ. ಮಳೆಗಾಲಕ್ಕೆ ಬರೋ ಉಳಿದ ಆರು ಜನ? ಅವರು ಬೆಂಗಳೂರಿನ ಲೆಕ್ಕದಲ್ಲಿ ಇರಬೇಕು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನ ಬಾಗಿಲು ಯಾರಾದ್ರೂ ತಟ್ಟಿದ್ರೆ ಇರ್ತಾರೆ. ತಟ್ಟದಿದ್ರೆ ಎಲ್ಲೂ ಇಲ್ಲ.

ಹಾಗಾದ್ರೆ ಏನು ಮಾಡಬೇಕು? ಜನಗಣತಿ ತಿಂಗಳನ್ನ ನಾನು ಬದಲಿಸೋಕಾಗಲ್ಲ. ಆದರೆ ಪಂಚಾಯಿತಿಯವರು ಒಂದು ಪುಸ್ತಕ ಇಡಬಹುದು. ಯಾವ ಮನೆಯಿಂದ ಎಷ್ಟು ಜನ, ಯಾವ ತಿಂಗಳು, ಎಲ್ಲಿಗೆ ಹೋದರು, ಯಾವಾಗ ಬಂದರು ಅಷ್ಟೇ. ಉದ್ಯೋಗ ಖಾತ್ರಿ ಕೆಲಸ ಬೇಸಿಗೆ ನಡುವೆ ಅಲ್ಲ, ಜನ ಬಸ್ ಹತ್ತೋ ಮುಂಚೆ, ಜನವರಿಯಲ್ಲೇ ಶುರು ಮಾಡಬಹುದು. ಅಪ್ಪ-ಅಮ್ಮ ಹೋದ ಮಕ್ಕಳಿಗೆ ಆ ನಾಲ್ಕು ತಿಂಗಳು ಊರಲ್ಲೇ ಹಾಸ್ಟೆಲ್ ವ್ಯವಸ್ಥೆ ಮಾಡಿದ್ರೆ ಶಾಲೆ ತಪ್ಪಲ್ಲ. 2011ರಲ್ಲಿ ಜಿಲ್ಲೆಯ ಸಾಕ್ಷರತೆ ಶೇ 61, ರಾಜ್ಯದ್ದು ಶೇ 75. ಆ ಹದಿನಾಲ್ಕರ ಅಂತರದಲ್ಲಿ ಬಸ್ ಹತ್ತಿದ ಮಕ್ಕಳೂ ಇದ್ದಾರೆ.

ಬೆಂಗಳೂರು, ಮೈಸೂರಲ್ಲಿ ಕೂತು ಓದ್ತಿರೋ ನಿಮಗೂ ಒಂದು ಕೆಲಸ ಇದೆ. 2027ರ ಫೆಬ್ರವರಿಯಲ್ಲಿ ಎಣಿಸೋರು ನಿಮ್ಮ ಮನೆಗೆ ಬಂದೇ ಬರ್ತಾರೆ. ಸಾಮಾನ್ಯವಾಗಿ ಅವರು ಸರ್ಕಾರಿ ಶಾಲೆಯ ಮೇಷ್ಟ್ರೋ ಮೇಡಮ್ಮೋ ಆಗಿರ್ತಾರೆ, ಬಿಸಿಲಲ್ಲಿ ಬಂದಿರ್ತಾರೆ. ನೀರು ಕೊಡಿ. ನಿಮ್ಮ ಲೆಕ್ಕ ಬರೆಸಿ. ಆಮೇಲೆ ಎದುರುಗಡೆ ಕಟ್ಟುತ್ತಿರೋ ಅಪಾರ್ಟ್‌ಮೆಂಟಿನ ಪಕ್ಕದ ಶೆಡ್ಡು ತೋರಿಸಿ, ‘ಅಲ್ಲೂ ಜನ ಇದ್ದಾರೆ, ಹೋಗಿದ್ರಾ?’ ಅಂತ ಕೇಳಿ.

ಯಾಕಂದ್ರೆ ಹನೂರಿನ ಆಚೆ ಒಂದು ಜಗಲಿ ಮೇಲೆ ಕೂತಿರೋ ಆ ತಾಯಿ, ಎಣಿಸೋರು ಬಂದಾಗ ಮೂರು ಅಂತಲೇ ಹೇಳ್ತಾರೆ. ಉಳಿದ ಆರು ಜನ ಬಹುಶಃ ನಿಮ್ಮ ಬೀದಿಯಲ್ಲಿದ್ದಾರೆ.